ಎಂಜಿಬಿ ಕಾರಿನ ಫ್ಯಾಕ್ಟರಿ ಆಪ್ಷನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಅಬಿಂಗ್ಡನ್ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ, ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಸುಲಭವಾಗಿ ಸಿಗುವಂಥದ್ದು. ಒಟ್ಟು 5 ಲಕ್ಷಕ್ಕೂ ಜಾಸ್ತಿ ಕಾರು ಹೊರಬಂದವು. ಹೆಚ್ಚಿನವು ಅಮೆರಿಕಕ್ಕೆ ಹೋದವು. ಅದಕ್ಕೇ ಅಲ್ಲಿರುವ ಕನ್ನಡಿಗರಿಂದ ಈ ಪ್ರಶ್ನೆಗಳು ಹೆಚ್ಚು ಬರುತ್ತವೆ. ಬೆಂಗಳೂರಿನಿಂದಲೂ ಕೆಲವು ಬಂದಿವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಫ್ಯಾಕ್ಟರಿ ಆಪ್ಷನ್ ಅಂದ್ರೆ ಏನು? ಹಳೇ ಕಾರಿನ ಮೇಲೆ ಇರೋದೆಲ್ಲ ಒರಿಜಿನಲ್ ಅಲ್ವಾ?

ಅಲ್ಲ. ಮೂರು ಬಗೆಯ ಸಾಮಾನು ಇರುತ್ತದೆ. ಒಂದು, ಕಾರು ತಯಾರಾಗುವಾಗಲೇ ಅಬಿಂಗ್ಡನ್‌ನಲ್ಲಿ ಹಾಕಿದ್ದು. ಎರಡು, ಶೋರೂಮಿನಲ್ಲಿ ಡೀಲರ್ ಹಾಕಿಕೊಟ್ಟದ್ದು. ಮೂರು, ಆಮೇಲೆ ಬಂದ ಮಾಲೀಕರು ಯಾವಾಗಲೋ ಸೇರಿಸಿದ್ದು. ಮೊದಲನೆಯದು ಮಾತ್ರ ಫ್ಯಾಕ್ಟರಿ ಆಪ್ಷನ್.

ಎರಡನೆಯದು ಕೀಳು ಅಂತೇನಿಲ್ಲ. 1965ರಲ್ಲಿ ಡೀಲರ್ ಹಾಕಿದ ರೇಡಿಯೋಗೂ ಅಷ್ಟೇ ವಯಸ್ಸಾಗಿದೆ. ಆದರೆ ಅದನ್ನು ಫ್ಯಾಕ್ಟರಿಯದ್ದು ಅಂತ ಹೇಳಿ ಮಾರಿದರೆ ಅದು ಸುಳ್ಳು.

ಇವತ್ತು ನಾವು ಯೋಚನೆಯನ್ನೇ ಮಾಡದ ಎಷ್ಟೋ ವಸ್ತುಗಳು ಆಗ ಆಪ್ಷನ್ ಆಗಿದ್ದವು. ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಮಾರಿದ ಎಂಜಿಬಿಗೆ ಹೀಟರ್ ಬೇಕಾದರೂ ಬೇರೆ ದುಡ್ಡು ಕೊಡಬೇಕಿತ್ತು. ಅದೂ ಇಂಗ್ಲೆಂಡಿನ ಚಳಿಯಲ್ಲಿ!

ಕಾರಿನ ನಂಬರ್ ನೋಡಿದ್ರೆ ಎಲ್ಲ ಗೊತ್ತಾಗುತ್ತೆ ಅಂತಾರೆ, ನಿಜಾನಾ?

ಸ್ವಲ್ಪ ಗೊತ್ತಾಗುತ್ತದೆ, ಎಲ್ಲ ಅಲ್ಲ. ಇಲ್ಲಿ ನಂಬರ್ ಅಂದರೆ ಆರ್‌ಟಿಒ ಕೊಡುವ ನೋಂದಣಿ ನಂಬರ್ ಅಲ್ಲ, ಫ್ಯಾಕ್ಟರಿ ಕೊಟ್ಟ ಚಾಸಿ ನಂಬರ್. 'ಜಿಎಚ್‌ಎನ್3ಎಲ್' ಅಂತ ಶುರುವಾಗುವ ನಂಬರ್ ತೆಗೆದುಕೊಳ್ಳಿ. ಜಿ ಅಂದರೆ ಎಂಜಿ. ಎಚ್ ಅಂದರೆ 1400ರಿಂದ 1999 ಸಿಸಿ ಒಳಗಿನ ಎಂಜಿನ್. ಎಂಜಿಬಿಯದ್ದು 1798 ಸಿಸಿ. ಎನ್ ಅಂದರೆ ರೋಡ್‌ಸ್ಟರ್, ಅಂದರೆ ಎರಡು ಸೀಟಿನ ತೆರೆದ ಕಾರು. ಅಲ್ಲಿ ಡಿ ಇದ್ದರೆ 1965ರಲ್ಲಿ ಬಂದ, ಮೇಲೆ ಗಟ್ಟಿ ಛಾವಣಿ ಇರುವ ಜಿಟಿ. 3 ಅಂದರೆ ಮೊದಲ ಸರಣಿ. 1967ರ ಕೊನೆಯಿಂದ ಅದು 4 ಆಯಿತು, ಆಮೇಲೆ 5. ಕೊನೆಯ ಎಲ್ ಅಂದರೆ ಎಡಗಡೆ ಸ್ಟೀರಿಂಗ್.

ಓವರ್‌ಡ್ರೈವ್ (ಹೈವೇಗೆ ಹೆಚ್ಚುವರಿ ಗೇರಿನಂಥದ್ದು) ಇತ್ತಾ, ವೈರ್ ವೀಲ್ (ಸೈಕಲ್ಲಿನ ಹಾಗೆ ಕಡ್ಡಿಗಳಿರುವ ಚಕ್ರ) ಇತ್ತಾ, ಬಣ್ಣ ಯಾವುದು ಎನ್ನುವುದನ್ನು ಈ ನಂಬರ್ ಹೇಳುವುದಿಲ್ಲ. ಅದಕ್ಕೆ ಫ್ಯಾಕ್ಟರಿಯ ದಾಖಲೆಯನ್ನೇ ನೋಡಬೇಕು.

ಹೆರಿಟೇಜ್ ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ? ಅದರಲ್ಲಿ ಏನೇನಿರುತ್ತೆ?

ವಾರ್ವಿಕ್‌ಶೈರ್‌ನ ಗೇಡನ್ ಎಂಬ ಊರಿನಲ್ಲಿ ಬ್ರಿಟಿಷ್ ಮೋಟರ್ ಮ್ಯೂಸಿಯಂ ಇದೆ. ಅದನ್ನು ನಡೆಸುವ ಬ್ರಿಟಿಷ್ ಮೋಟರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟ್ ಬಳಿ ಎಂಜಿ ಫ್ಯಾಕ್ಟರಿಯ ತಯಾರಿಕೆ ದಾಖಲೆಗಳಿವೆ. ನಿಮ್ಮ ಕಾರಿನ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ, ಆ ನಂಬರಿನ ಮುಂದೆ ದಾಖಲೆಯಲ್ಲಿ ಏನಿದೆಯೋ ಅದನ್ನು ಸರ್ಟಿಫಿಕೇಟ್ ರೂಪದಲ್ಲಿ ಬರೆದು ಕಳಿಸುತ್ತಾರೆ. ಚಾಸಿ ನಂಬರ್ ಪ್ಲೇಟಿನ ಫೋಟೋ, ಕಾರು ನಿಮ್ಮದೇ ಅನ್ನುವ ಕಾಗದ ಎರಡನ್ನೂ ಮೊದಲೇ ಕೈಯಲ್ಲಿಟ್ಟುಕೊಂಡಿರಿ.

ತಯಾರಾದ ದಿನ, ಫ್ಯಾಕ್ಟರಿ ಬಿಟ್ಟ ದಿನ, ಹೋದ ಜಾಗ, ಎಂಜಿನ್ ನಂಬರ್, ಬಾಡಿ ನಂಬರ್, ಹೊರಗಿನ ಬಣ್ಣ, ಸೀಟಿನ ಬಣ್ಣ, ಹಾಕಿದ್ದ ಆಪ್ಷನ್‌ಗಳು: ಸಾಮಾನ್ಯವಾಗಿ ಇಷ್ಟು ಇರುತ್ತದೆ. ಅದು ಕಾರಿನ ಜಾತಕ. ಹುಟ್ಟಿದ ಗಳಿಗೆ ಹೇಳುತ್ತದೆ, ಆಮೇಲೆ ಬದುಕಿದ್ದು ಹೇಗೆ ಅಂತ ಹೇಳುವುದಿಲ್ಲ.

ಮಾರುವವರ ಹತ್ರ ಸರ್ಟಿಫಿಕೇಟ್ ಇದೆ. ಅಷ್ಟು ಸಾಕಲ್ವಾ?

ಸಾಲದು. ಸರ್ಟಿಫಿಕೇಟ್ ಒಂದು ನಂಬರಿಗೆ ಕೊಟ್ಟದ್ದು, ನಿಮ್ಮ ಕಣ್ಣೆದುರಿಗಿರುವ ಕಬ್ಬಿಣಕ್ಕೆ ಕೊಟ್ಟದ್ದಲ್ಲ. ಟ್ರಸ್ಟ್‌ನವರು ಕಾರನ್ನು ಬಂದು ನೋಡಿ ಬರೆಯುವುದಿಲ್ಲ.

ಮೊದಲು ಬಾನೆಟ್ ಎತ್ತಿ, ಚಾಸಿ ನಂಬರ್ ಪ್ಲೇಟ್ ನೋಡಿ. ಅದು ಬಿಡಿ ಪ್ಲೇಟು, ಬಾಡಿಗೆ ಜೋಡಿಸಿದ್ದು. ಅಂಥದ್ದೇ ಹೊಸ ಪ್ಲೇಟು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಸುತ್ತಲಿನ ಪೇಂಟ್ ಮಾಸಿ ಪ್ಲೇಟ್ ಮಾತ್ರ ಫಳಫಳ ಹೊಳೆಯುತ್ತಿದ್ದರೆ, ಅಥವಾ ಪಕ್ಕದಲ್ಲಿ ಇನ್ನೊಂದು ಜೊತೆ ತೂತು ಕಂಡರೆ, ಯಾಕೆ ಅಂತ ಕೇಳಿ. ಪೇಂಟ್ ಮಾಡಿಸುವಾಗ ತೆಗೆದು ಹೊಸದು ಹಾಕಿರಬಹುದು. ಅದು ನ್ಯಾಯವಾದ ಕಾರಣವೇ. ಆದರೆ ಹಳೆಯ ಪ್ಲೇಟ್ ಎಲ್ಲಿ ಅನ್ನುವ ಪ್ರಶ್ನೆಗೂ ಉತ್ತರ ಇರಬೇಕು.

ನಂತರದ ವರ್ಷಗಳಲ್ಲಿ ತಯಾರಾಗಿ ಅಮೆರಿಕಕ್ಕೆ ಹೋದ ಕಾರುಗಳಲ್ಲಿ ಇದೇ ನಂಬರ್ ವಿಂಡ್‌ಸ್ಕ್ರೀನ್ ಮೂಲಕ ಕಾಣುವ ಹಾಗೆ ಇನ್ನೊಂದು ಕಡೆಯೂ ಇರುತ್ತದೆ. ಎರಡೂ ಒಂದೇನಾ ನೋಡಿ.

## ಒಂದೊಂದೇ ಆಪ್ಷನ್

ವೈರ್ ವೀಲ್ ಫ್ಯಾಕ್ಟರಿಯಿಂದಲೇ ಬಂದದ್ದಾ, ಆಮೇಲೆ ಹಾಕಿದ್ದಾ? ಹೇಗೆ ಕಂಡುಹಿಡಿಯೋದು?

ಇದು ಎಲ್ಲರೂ ಕೇಳುವ ಪ್ರಶ್ನೆ. ಪುಣ್ಯಕ್ಕೆ ಉತ್ತರ ಕಾರಿನಲ್ಲೇ ಇದೆ.

ಒಂದು ಚಕ್ರ ಬಿಚ್ಚಿ. ವೈರ್ ವೀಲ್ ಮಧ್ಯದ ಒಂದೇ ದೊಡ್ಡ ನಟ್ಟಿನ ಮೇಲೆ ನಿಂತಿರುತ್ತದೆ. ಅದನ್ನು ಸುತ್ತಿಗೆಯಿಂದ ತಟ್ಟಿ ಸಡಿಲ ಮಾಡಬೇಕು. ಚಕ್ರ ಹೊರಬಂದ ಮೇಲೆ ಸುತ್ತಲೂ ಹಲ್ಲು ಕೊರೆದ ಹಬ್ ಕಾಣುತ್ತದೆ. ಟಾರ್ಚ್ ಹಿಡಿದು ಆ ಹಬ್‌ನ ಬುಡ ನೋಡಿ. ಮಾಮೂಲಿ ಚಕ್ರದ ನಾಲ್ಕು ಬೋಲ್ಟುಗಳಿಗೆ ನಟ್ ಹಾಕಿ ಹಬ್ ಕೂರಿಸಿದ್ದರೆ, ಅದು ಆಮೇಲೆ ಹಾಕಿದ ಕಿಟ್. ಫ್ಯಾಕ್ಟರಿಯ ವೈರ್ ವೀಲ್ ಕಾರಿನಲ್ಲಿ ಹಲ್ಲಿನ ಹಬ್ಬೇ ಕಾರಿನ ಹಬ್, ನಡುವೆ ಅಡಾಪ್ಟರ್ ಇರುವುದಿಲ್ಲ.

ಚಕ್ರ ಬಿಚ್ಚಲು ಮಾಲೀಕರು ಒಪ್ಪದಿದ್ದರೆ ಹಿಂದೆ ಹೋಗಿ ಕೂತು ನೋಡಿ. ವೈರ್ ವೀಲ್ ಎಂಜಿಬಿಗೆ ಫ್ಯಾಕ್ಟರಿಯವರು ಹಾಕುತ್ತಿದ್ದ ಹಿಂದಿನ ಆಕ್ಸಲ್ಲೇ ಬೇರೆ, ಅಗಲ ಕಮ್ಮಿ. ಮಾಮೂಲಿ ಆಕ್ಸಲ್ ಮೇಲೆ ಅಡಾಪ್ಟರ್ ಕೂರಿಸಿದರೆ ಚಕ್ರ ಹೊರಗೆ ಸರಿಯುತ್ತದೆ. ಟಯರ್ ಹಿಂದಿನ ಫೆಂಡರಿನ ಅಂಚಿಗೆ ತೀರ ಹತ್ತಿರ ಬಂದು, ಹಳ್ಳದಲ್ಲಿ ಇಳಿದಾಗ ಉಜ್ಜುವುದೂ ಉಂಟು. ಒಳಗಡೆ ತಗಡಿನ ಮೇಲೆ ರಬ್ಬರ್ ಉಜ್ಜಿದ ಕಪ್ಪು ಗುರುತು ಇದೆಯಾ ಅಂತ ಬೆರಳಾಡಿಸಿ ನೋಡಿ.

ಹಾಗಂತ ಸರಿಯಾದ ಆಕ್ಸಲ್ ಇದ್ದ ಮಾತ್ರಕ್ಕೆ ಅದೇ ಕಾರಿನದ್ದು ಅಂತಲೂ ಅಲ್ಲ. ಆಕ್ಸಲ್ ಸಮೇತ ಬದಲಾಯಿಸುವವರೂ ಇದ್ದಾರೆ. ಸರ್ಟಿಫಿಕೇಟಿನಲ್ಲೂ ವೈರ್ ವೀಲ್ ಅಂತ ಇದ್ದು, ಹಬ್, ಆಕ್ಸಲ್ ಎರಡೂ ಅದನ್ನೇ ಹೇಳಿದರೆ ನಂಬಬಹುದು.

ಓವರ್‌ಡ್ರೈವ್ ಇದೆ ಅಂತ ಹೇಳ್ತಿದಾರೆ. ಅದು ಒರಿಜಿನಲ್ ಅಂತ ಹೇಗೆ ನಂಬೋದು?

ನಾಲ್ಕು ಗೇರಿನ ಕಾರಿಗೆ ಹೈವೇಯಲ್ಲಿ ಐದನೇ ಗೇರಿನಷ್ಟು ಆರಾಮ ಕೊಡುವುದು ಓವರ್‌ಡ್ರೈವ್. ಲೇಕಾಕ್ ಕಂಪನಿಯದ್ದು. ಗೇರ್‌ಬಾಕ್ಸಿನ ಬಾಲಕ್ಕೆ ಸೇರಿರುತ್ತದೆ, ವಿದ್ಯುತ್ ಸ್ವಿಚ್ಚಿನಿಂದ ಕೆಲಸ ಮಾಡುತ್ತದೆ. ಇಂಗ್ಲೆಂಡಿನಲ್ಲಿ 1975ರಲ್ಲಿ ಅದು ಎಲ್ಲ ಎಂಜಿಬಿಗೂ ಬಂತು. ಅದಕ್ಕೆ ಮೊದಲು ಆಪ್ಷನ್ ಆಗಿತ್ತು. ಬೇಡಿಕೆ ಜಾಸ್ತಿ, ಹಾಗಾಗಿ ಆಮೇಲೆ ಹಾಕಿಸಿಕೊಂಡವರೂ ಜಾಸ್ತಿ.

ಮೊದಲು ಎಂಜಿನ್ ನಂಬರ್ ಓದಿ. ಬ್ಲಾಕಿನ ಬಲಗಡೆ ಸಣ್ಣ ಪ್ಲೇಟಿನಲ್ಲಿ ಇರುತ್ತದೆ. ಎಣ್ಣೆ ಮಡ್ಡಿ ಒರೆಸಬೇಕಾಗುತ್ತದೆ. ಮೊದಲ ಸರಣಿಯ ಕಾರಿನಲ್ಲಿ '18ಜಿಬಿ-ಯು-ಎಚ್' ಅಂತ ಇದ್ದರೆ ಆ ಎಂಜಿನ್ ಮಾಮೂಲಿ ಗೇರ್‌ಬಾಕ್ಸ್ ಜೊತೆ ಹೊರಟದ್ದು. '18ಜಿಬಿ-ಆರ್‌ಯು-ಎಚ್' ಅಂತ ಇದ್ದರೆ ಓವರ್‌ಡ್ರೈವ್ ಜೊತೆ ಹೊರಟದ್ದು. ಒಂದು 'ಆರ್' ಅಕ್ಷರದ ವ್ಯತ್ಯಾಸ ಅಷ್ಟೇ. ಕೊನೆಯ ಎಚ್ ಅಂದರೆ ಹೈ ಕಂಪ್ರೆಷನ್.

ಆಮೇಲೆ ಕಾರನ್ನು ರ‍್ಯಾಂಪ್ ಮೇಲೆ ಹತ್ತಿಸಿ ಕೆಳಗಿಂದ ನೋಡಿ. 1967ರವರೆಗಿನ ಕಾರಿನಲ್ಲಿ ಇರಬೇಕಾದದ್ದು ಡಿ ಟೈಪ್ ಯೂನಿಟ್. ಆ ವರ್ಷದ ಕೊನೆಗೆ ನಾಲ್ಕೂ ಗೇರಿಗೆ ಸಿಂಕ್ರೊ (ಗೇರ್ ಸಲೀಸಾಗಿ ಬೀಳಿಸುವ ಏರ್ಪಾಡು) ಇರುವ ಹೊಸ ಗೇರ್‌ಬಾಕ್ಸ್ ಬಂತು. ಅದರ ಜೊತೆ ಬಂದದ್ದು ಎಲ್‌ಎಚ್ ಟೈಪ್. 1965ರ ಕಾರಿನಡಿ ಎಲ್‌ಎಚ್ ಯೂನಿಟ್ ಕಂಡರೆ ಇಡೀ ಗೇರ್‌ಬಾಕ್ಸೇ ಬೇರೆ ಕಾರಿನಿಂದ ಬಂದಿದೆ ಅಂತ ಅರ್ಥ.

ಕೊನೆಗೆ ವೈರಿಂಗ್. ಆ ಕಾಲದ ಬ್ರಿಟಿಷ್ ವೈರಿಂಗ್ ಪದ್ಧತಿಯಲ್ಲಿ ಓವರ್‌ಡ್ರೈವ್ ವೈರ್ ಹಳದಿ. ಕೈಗೆ ಸಿಕ್ಕ ಕೆಂಪು ವೈರ್ ಎಳೆದು, ಡ್ಯಾಶ್‌ಬೋರ್ಡಿಗೆ ಎಲ್ಲೋ ಒಂದು ತೂತು ಕೊರೆದು ಸ್ವಿಚ್ ಹಾಕಿದ್ದರೆ ಇನ್ನೇನೂ ಕೇಳಬೇಕಾಗಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಆಮೇಲೆ ಹಾಕಿದ ಓವರ್‌ಡ್ರೈವ್ ಕಾರಿಗೆ ಒಳ್ಳೆಯದೇ ಮಾಡುತ್ತದೆ. ಓಡಿಸುವವರಿಗೆ ಅದು ವರ. ಅದಕ್ಕೆ ಫ್ಯಾಕ್ಟರಿ ಓವರ್‌ಡ್ರೈವಿನ ಬೆಲೆ ಮಾತ್ರ ಕೊಡಬೇಡಿ.

ಆಯಿಲ್ ಕೂಲರ್, ಮುಂದಿನ ಆಂಟಿ-ರೋಲ್ ಬಾರ್ ಇವೂ ಆಪ್ಷನ್ನಾ?

ವರ್ಷದ ಮೇಲೆ ಹೋಗುತ್ತದೆ. 1964ರ ಕೊನೆಗೆ ಎಂಜಿನ್ನಿನ ಕ್ರ್ಯಾಂಕ್ ಮೂರು ಬೇರಿಂಗಿನಿಂದ ಐದು ಬೇರಿಂಗಿಗೆ ಬಂತು. ಆಗಿನಿಂದ ಆಯಿಲ್ ಕೂಲರ್ ಎಲ್ಲ ಕಾರಿಗೂ. ಅದಕ್ಕೆ ಮೊದಲು ಇಂಗ್ಲೆಂಡಿನ ಕಾರುಗಳಿಗೆ ಆಪ್ಷನ್, ರಫ್ತಿನ ಕಾರುಗಳಿಗೆ ಜೊತೆಗೇ ಬರುತ್ತಿತ್ತು. ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆಂಟಿ-ರೋಲ್ ಬಾರ್ ಜಿಟಿಗೆ ಶುರುವಿನಿಂದ ಇತ್ತು, ರೋಡ್‌ಸ್ಟರಿಗೆ ಮೊದಲ ವರ್ಷಗಳಲ್ಲಿ ಆಪ್ಷನ್.

ಹಾಗಾಗಿ 1966ರ ಕಾರನ್ನು 'ಅಪರೂಪದ ಫ್ಯಾಕ್ಟರಿ ಆಯಿಲ್ ಕೂಲರ್ ಸಮೇತ' ಅಂತ ಮಾರುತ್ತಿದ್ದರೆ ಸುಮ್ನೆ ನಕ್ಕು ಮುಂದೆ ಹೋಗಿ.

ನನ್ನ ಕಾರಲ್ಲಿ ಹೀಟರೇ ಇಲ್ಲ. ಯಾರೋ ಕಿತ್ತು ಹಾಕಿದಾರಾ?

ಕಿತ್ತಿರಬಹುದು, ಮೊದಲಿಂದಲೂ ಇಲ್ಲದೆಯೂ ಇರಬಹುದು. ಹೀಟರ್ ಬೇಡ ಅಂದ ಕಾರುಗಳಿಗೆ ಫ್ಯಾಕ್ಟರಿಯಲ್ಲೇ ಆ ತೆರಪಿಗೆ ತಗಡಿನ ಮುಚ್ಚಳ ಹಾಕುತ್ತಿದ್ದರು. ಮುಚ್ಚಳ ಅಚ್ಚುಕಟ್ಟಾಗಿದ್ದು, ಅದರ ಅಡಿಯ ಪೇಂಟ್ ಕಾರಿನ ಮೂಲ ಬಣ್ಣದ್ದೇ ಆಗಿದ್ದರೆ ಒಳ್ಳೆ ಲಕ್ಷಣ. ಅಮೆರಿಕಕ್ಕೆ ಹೋದ ಕಾರಾದರೆ ಮಾತ್ರ ಯಾರೋ ಕಿತ್ತಿದ್ದಾರೆ ಅಂತಲೇ ಅಂದುಕೊಳ್ಳಿ.

ಹಾರ್ಡ್‌ಟಾಪ್, ರೇಡಿಯೋ, ಡಿಕ್ಕಿ ಮೇಲಿನ ಕ್ಯಾರಿಯರ್ ಸರ್ಟಿಫಿಕೇಟಲ್ಲಿ ಇಲ್ಲವಲ್ಲ?

ಇರದಿರುವುದೇ ಹೆಚ್ಚು. ಇವನ್ನೆಲ್ಲ ಡೀಲರ್ ಹತ್ತಿರವೇ ಹಾಕಿಸಿಕೊಳ್ಳುತ್ತಿದ್ದರು. ಅಬಿಂಗ್ಡನ್ನಿನ ಪುಸ್ತಕದಲ್ಲಿ ಅದು ಬರುವ ಪ್ರಶ್ನೆಯೇ ಇಲ್ಲ. ಇಂಥವಕ್ಕೆ ಸಾಕ್ಷಿ ಬೇಕಾದರೆ ಡೀಲರ್ ಕೊಟ್ಟ ಬಿಲ್ ಹುಡುಕಬೇಕು, ಇಲ್ಲವೇ ಮೊದಲ ಮಾಲೀಕರ ಹಳೆ ಫೋಟೋ ಆಲ್ಬಮ್. ಕಾರಿನ ಜೊತೆ ಒಂದು ಡಬ್ಬಿ ತುಂಬ ಹಳೆ ಕಾಗದ ಬಂದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಆಗ ಎಂಜಿಯ ಮಾಲೀಕ ಕಂಪನಿಯಾಗಿದ್ದ ಬಿಎಂಸಿಯ 'ಸ್ಪೆಷಲ್ ಟ್ಯೂನಿಂಗ್' ವಿಭಾಗದ ಸಾಮಾನಿಗೂ ಇದೇ ಮಾತು. ವಿಭಾಗ ಇದ್ದದ್ದು ಅಬಿಂಗ್ಡನ್ನಿನಲ್ಲೇ, ಆದರೆ ಕಾರ್ಬುರೇಟರ್, ಕ್ಯಾಮ್‌ಶಾಫ್ಟ್ ಇಂಥವನ್ನು ಯಾರು ಬೇಕಾದರೂ ಬಿಡಿಯಾಗಿ ಕೊಳ್ಳಬಹುದಿತ್ತು. ಆ ಪಾರ್ಟ್ ಇದ್ದ ಮಾತ್ರಕ್ಕೆ ಕಾರು ಹಾಗೇ ಹುಟ್ಟಿತು ಅಂತಲ್ಲ.

## ಬಣ್ಣ, ಎಂಜಿನ್, ಬಾಡಿ

ಕಾರು ಕೆಂಪಗಿದೆ, ಸರ್ಟಿಫಿಕೇಟಲ್ಲಿ ಐರಿಸ್ ಬ್ಲೂ ಅಂತಿದೆ. ಯಾವುದು ನಿಜ?

ಎರಡೂ ನಿಜ ಇರಬಹುದು. ಹಳೆ ಸ್ಪೋರ್ಟ್ಸ್ ಕಾರು ಅಂದರೆ ಕೆಂಪಗೇ ಇರಬೇಕು ಅಂತ ಎಷ್ಟೋ ತಿಳಿನೀಲಿ, ಬೂದು ಕಾರುಗಳಿಗೆ ಕೆಂಪು ಬಳಿದಿದ್ದಾರೆ. ಪೇಂಟರ್ ಕೈ ಹೋಗದ ಜಾಗ ನೋಡಿ: ಡ್ಯಾಶ್‌ಬೋರ್ಡಿನ ಹಿಂದೆ, ಕಾರ್ಪೆಟ್ ಅಡಿ, ಹೀಟರ್ ಪೆಟ್ಟಿಗೆಯ ಹಿಂಭಾಗ, ಡಿಕ್ಕಿಯ ಒಳಮೂಲೆ. ಅಲ್ಲಿ ನೀಲಿ ಕಂಡರೆ ಈ ಬಾಡಿಯೂ ಆ ಸರ್ಟಿಫಿಕೇಟೂ ಒಂದೇ ಕಾರಿನವು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಪುರಾವೆ ಬೇಕಾ? ಅಲ್ಲೂ ಬಿಳಿ ಕಂಡರೆ ಚಿಂತೆ ಮಾಡಬೇಕು.

ಎಂಜಿನ್ ನಂಬರ್ ತಾಳೆ ಆಗ್ತಿಲ್ಲ. ಕಾರು ಬಿಟ್ಟುಬಿಡಲಾ?

ಬೇಡ. ಇವು ದಿನಾ ಓಡಿದ ಕಾರುಗಳು. ಎಂಜಿನ್ ಸವೆದಾಗ ಬಿಎಂಸಿಯೇ ರಿಪೇರಿ ಮಾಡಿ ಕೊಡುತ್ತಿದ್ದ 'ಗೋಲ್ಡ್ ಸೀಲ್' ಎಂಜಿನ್ ಹಾಕಿಸುವುದು ಆಗಿನ ರೂಢಿ. ಬಂಗಾರದ ಬಣ್ಣ ಬಳಿದಿರುತ್ತಿದ್ದರು, ಪ್ಲೇಟಿನ ನಂಬರ್ 48ಜಿ ಅಂತ ಶುರುವಾಗುತ್ತದೆ. ಅದು ಕಾರಿನ ಇತಿಹಾಸದ ಭಾಗವೇ.

ನಿಜಕ್ಕೂ ಹುಷಾರಾಗಬೇಕಾದದ್ದು ನಂಬರ್ ಹೊಂದಿಕೊಂಡೂ ಎಂಜಿನ್ ಹೊಂದದಿದ್ದಾಗ. ಪ್ಲೇಟ್ ಬಿಚ್ಚಿ ಬೇರೆ ಬ್ಲಾಕಿಗೆ ಹೊಡೆಯುವುದು ಕಷ್ಟದ ಕೆಲಸವಲ್ಲ.

ಬೆಂಗಳೂರಲ್ಲಿ ನೋಡಿದ ಕಾರಲ್ಲಿ ಅಂಬಾಸಡರ್ ಎಂಜಿನ್ ಇದೆ ಅಂದ್ರು. ಅದು ಸಾಧ್ಯನಾ?

ಸಾಧ್ಯ. ಅಂಬಾಸಡರ್‌ಗೆ ಬಹಳ ಕಾಲ ಇದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಎಂಸಿಯ ಬಿ-ಸೀರೀಸ್. ಎಂಜಿಬಿಯ 1798 ಸಿಸಿ ಎಂಜಿನ್ನೂ ಅದೇ ಕುಟುಂಬದ್ದು. ಎಂಜಿಬಿಗೆ ಮೊದಲಿದ್ದ ಎಂಜಿಎ ಶುರುವಾದದ್ದು 1489 ಸಿಸಿಯಲ್ಲೇ. ಆಮದಿನ ಬಿಡಿಭಾಗ ಸಿಗದ ಕಾಲದಲ್ಲಿ ಮೆಕ್ಯಾನಿಕ್ ಆದವರು ಊರಲ್ಲಿ ಸಿಗುವುದನ್ನೇ ಕೂರಿಸದೆ ಇನ್ನೇನು ಮಾಡಿಯಾರು? ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಎಂಜಿನ್ ನಂಬರ್ 18ಜಿ, 1970ರ ದಶಕದ ಕಾರಾದರೆ 18ವಿ, ಇಲ್ಲವೇ ಗೋಲ್ಡ್ ಸೀಲಿನ 48ಜಿ ಅಂತ ಶುರುವಾಗದಿದ್ದರೆ ಅನುಮಾನಪಡಿ. ಕಾರು ಓಡುತ್ತದೆ, ಆದರೆ ಬೆಲೆ ಮಾತಾಡುವಾಗ ಸರಿಯಾದ ಎಂಜಿನ್ ತರಿಸುವ ಖರ್ಚು ಕಳೆದು ಮಾತಾಡಿ.

ಪಾರ್ಟುಗಳ ಮೇಲೆ ತಾರೀಖು ಇರುತ್ತಂತೆ. ಅದನ್ನ ಓದೋದು ಹೇಗೆ?

ಲೂಕಾಸ್ ಕಂಪನಿಯ ಡೈನಮೊ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್, ವೈಪರ್ ಮೋಟರ್ ಇವುಗಳ ಮೈಮೇಲೆ ಪಾರ್ಟ್ ನಂಬರಿನ ಹತ್ತಿರ ಎರಡು ಪುಟ್ಟ ಅಂಕಿಗಳಿರುತ್ತವೆ. '26 64' ಅಂತ ಇದ್ದರೆ 1964ರ 26ನೇ ವಾರ. '6 64' ಅಂತ ಇದ್ದರೆ ತಿಂಗಳೋ ವಾರವೋ ಅನ್ನುವ ಗೊಂದಲ ಬರುತ್ತದೆ, ಯಾಕಂದರೆ ಅವರು ಎರಡೂ ಪದ್ಧತಿ ಬಳಸಿದ್ದಾರೆ. ಮೊದಲ ಅಂಕಿ 12 ದಾಟಿದ್ದರೆ ಅದು ವಾರವೇ.

ಸರ್ಟಿಫಿಕೇಟಿನಲ್ಲಿರುವ ತಯಾರಿಕೆ ದಿನಕ್ಕಿಂತ ಸ್ವಲ್ಪ ಹಿಂದಿನ ತಾರೀಖು ಇದ್ದರೆ ಸರಿ. ಮುಂದಿನ ತಾರೀಖು ಇದ್ದರೆ ಆ ಪಾರ್ಟ್ ಆಮೇಲೆ ಹಾಕಿದ್ದು. ಒಂದು ಡೈನಮೊ ಬೇರೆಯಾದರೆ ಏನೂ ಆಗಲ್ಲ. ಮೂರು ನಾಲ್ಕು ಪಾರ್ಟ್ ಒಂದೇ ಹೊತ್ತಿನವಾಗಿ ಕಾರಿನ ದಿನಕ್ಕೆ ಹೊಂದಿಕೊಂಡರೆ, ಈ ಕಾರಿನ ಮೇಲೆ ಯಾರೂ ಜಾಸ್ತಿ ಕೈಯಾಡಿಸಿಲ್ಲ ಅಂತ ಗೊತ್ತಾಗುತ್ತದೆ.

ಇದೇ ಥರ ಬಾಗಿಲ ಹಿಡಿಕೆಯೂ ಕಾಲ ಹೇಳುತ್ತದೆ. 1965ರ ಮಧ್ಯದವರೆಗಿನ ರೋಡ್‌ಸ್ಟರುಗಳಲ್ಲಿ ಹಿಡಿಕೆಯನ್ನು ಹೊರಕ್ಕೆ ಎಳೆದು ಬಾಗಿಲು ತೆಗೆಯಬೇಕು, ಆಮೇಲಿನವಕ್ಕೆ ಗುಂಡಿ ಒತ್ತಬೇಕು. 1963ರ ನಂಬರಿನ ಕಾರಿಗೆ ಗುಂಡಿ ಇದ್ದರೆ ಬಾಗಿಲಾದರೂ ಬದಲಾಗಿರಬೇಕು, ಇಲ್ಲ ನಂಬರಾದರೂ.

ಬಾಡಿ ತುಂಬ ನೀಟಾಗಿದೆ, ತುಕ್ಕೇ ಇಲ್ಲ. ಹೊಸ ಬಾಡಿ ಹಾಕಿರಬಹುದಾ?

ಹಾಕಿರಬಹುದು. ಬ್ರಿಟಿಷ್ ಮೋಟರ್ ಹೆರಿಟೇಜ್ ಕಂಪನಿ 1988ರಲ್ಲಿ ಹಳೆಯ ಅಚ್ಚುಗಳನ್ನೇ ಹುಡುಕಿ ತಂದು ಎಂಜಿಬಿಯ ಹೊಸ ಬಾಡಿ ತಯಾರಿಸಲು ಶುರುಮಾಡಿತು. ಅಂಥ ಬಾಡಿಗೆ ಹಳೆ ಕಾರಿನ ಎಂಜಿನ್, ಆಕ್ಸಲ್, ಸೀಟು ಎಲ್ಲ ವರ್ಗಾಯಿಸಿ ಅದೇ ನಂಬರಿನಲ್ಲಿ ಓಡಿಸುತ್ತಾರೆ. ಕಾರು ಗಟ್ಟಿಮುಟ್ಟಾಗಿರುತ್ತದೆ. ಆದರೆ ಸರ್ಟಿಫಿಕೇಟಿನ ಬಾಡಿ ನಂಬರಿಗೂ ಇದಕ್ಕೂ ಸಂಬಂಧ ಇರುವುದಿಲ್ಲ. ಬಾಡಿ ಬದಲಾದದ್ದನ್ನು ಮುಚ್ಚಿಡದೆ ಬಿಲ್ ತೋರಿಸುವ ಮಾಲೀಕರು ಸಿಕ್ಕರೆ ಅವರ ಮಿಕ್ಕ ಮಾತನ್ನೂ ಧೈರ್ಯವಾಗಿ ನಂಬಬಹುದು.

## ಸ್ವಲ್ಪ ಆಳದ ಪ್ರಶ್ನೆಗಳು

'ಫ್ಯಾಕ್ಟರಿ ವಿ8 ರೋಡ್‌ಸ್ಟರ್' ಅಂತ ಜಾಹೀರಾತು ನೋಡಿದೆ. ತಗೋಬಹುದಾ?

ತಗೊಳ್ಳಿ, ಆದರೆ ಫ್ಯಾಕ್ಟರಿ ಅನ್ನುವ ಮಾತಿಗೆ ಒಂದು ಕಾಸೂ ಕೊಡಬೇಡಿ. ಅಬಿಂಗ್ಡನ್ನಿನವರು 1973ರಿಂದ 1976ರವರೆಗೆ ರೋವರ್‌ನ ಎಂಟು ಸಿಲಿಂಡರಿನ 3528 ಸಿಸಿ ವಿ8 ಎಂಜಿನ್ ಹಾಕಿ ಮಾರಿದ್ದು ಜಿಟಿ ಮಾತ್ರ, ಒಟ್ಟು 2591. ಅವುಗಳ ನಂಬರ್ ಜಿಡಿ2ಡಿ1 ಅಂತ ಶುರುವಾಗುತ್ತದೆ. ಓವರ್‌ಡ್ರೈವ್ ಎಲ್ಲಕ್ಕೂ ಇತ್ತು. ಅದಕ್ಕೆ ಮೊದಲೇ ಕೆನ್ ಕಾಸ್ಟೆಲೊ ಎಂಬುವರು ತಮ್ಮ ವರ್ಕ್‌ಶಾಪಿನಲ್ಲಿ ಎಂಜಿಬಿಗೆ ವಿ8 ಹಾಕಿ ಮಾರುತ್ತಿದ್ದರು. ಅವಕ್ಕೂ ಬೆಲೆ ಇದೆ, ಬೇರೆ ಲೆಕ್ಕದಲ್ಲಿ. 1990ರ ದಶಕದಲ್ಲಿ ಎಂಜಿ ಹೆಸರಿನಲ್ಲೇ ಬಂದ ಆರ್‌ವಿ8 ಬೇರೆಯೇ ಕಾರು.

ಕ್ರೋಮ್ ಬಂಪರ್ ಇದೆ, ವರ್ಷ 1976 ಅಂತಿದಾರೆ. ಹೇಗೆ?

ಪರಿವರ್ತನೆ ಮಾಡಿದ್ದಾರೆ. ಅಮೆರಿಕದ ಕಾನೂನಿಗಾಗಿ 1974ರ ಕೊನೆಯಿಂದ ಎಲ್ಲ ಎಂಜಿಬಿಗೂ ಕಪ್ಪು ರಬ್ಬರ್ ಬಂಪರ್ ಬಂತು, ಕಾರಿನ ಎತ್ತರವೂ ಹೆಚ್ಚಾಯಿತು. ನೋಟ ಹಿಡಿಸದೆ ಕ್ರೋಮ್‌ಗೆ ಬದಲಾಯಿಸಿಕೊಂಡವರು ಬಹಳ. ತಪ್ಪೇನಿಲ್ಲ, ನೋಡಲೂ ಚೆಂದ. ಮುಂದೆ ಕ್ರೋಮ್ ಹಾಕಿ ಎತ್ತರ ಹಾಗೇ ಬಿಟ್ಟಿದ್ದರೆ ಮಾತ್ರ ಅರ್ಧಂಬರ್ಧ ಕೆಲಸ.

ಕರ್ನಾಟಕದಲ್ಲಿ ವಿಂಟೇಜ್ ನೋಂದಣಿ ಮಾಡಿಸೋಕೆ ಈ ಆಪ್ಷನ್ ಎಲ್ಲ ಮುಖ್ಯನಾ?

ಹೀಟರ್ ಇತ್ತೋ ಇಲ್ಲವೋ ಅಂತ ಆರ್‌ಟಿಒದಲ್ಲಿ ಯಾರೂ ಕೇಳುವುದಿಲ್ಲ. ಆದರೆ 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಿದ್ದರೆ 'ಕೆಎ ವಿಎ' ಸರಣಿಯ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ನಂತರ ನವೀಕರಣಕ್ಕೆ 5,000 ಅಂತ ಆ ನಿಯಮದಲ್ಲಿದೆ. ಮೇಲೆ ಹೇಳಿದ ಅಂಬಾಸಡರ್ ಎಂಜಿನ್ ಇಂಥ ಕಡೆ ತೊಡಕಾಗಬಹುದು. ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಯಾವುದು ಅಂತ ಕಾರು ಕೊಳ್ಳುವ ಮೊದಲೇ ನೋಡಿ.

ಕಾರು ದೂರದಲ್ಲಿದೆ, ಹೋಗಿ ನೋಡೋಕೆ ಆಗಲ್ಲ. ಯಾವ ಫೋಟೋ ಕೇಳಲಿ?

ಚೆಂದದ ಫೋಟೋ ಬೇಡ ಅಂತ ಮೊದಲೇ ಹೇಳಿ. ಬಾನೆಟ್ ಒಳಗಿನ ನಂಬರ್ ಪ್ಲೇಟು, ಅದರ ರಿವೆಟ್ ಅಥವಾ ಸ್ಕ್ರೂ ಕಾಣುವ ಹಾಗೆ. ಎಂಜಿನ್ ಪ್ಲೇಟ್. ಒಂದು ಹಿಂದಿನ ಚಕ್ರ ಬಿಚ್ಚಿ ಹಬ್. ಕೆಳಗಿನಿಂದ ಗೇರ್‌ಬಾಕ್ಸಿನ ಬಾಲ. ಕಾರ್ಪೆಟ್ ಎತ್ತಿ ಅಡಿಯ ತಗಡು. ಡಿಸ್ಟ್ರಿಬ್ಯೂಟರಿನ ಮೇಲಿನ ಅಂಕಿ. 'ಕಾರು ಗ್ಯಾರೇಜಲ್ಲಿದೆ, ಈಗ ಆಗಲ್ಲ' ಅಂತ ಒಂದು ಸಲ ಹೇಳಿದರೆ ಕಾಯಿರಿ. ಪ್ರತಿ ಸಲವೂ ಅದೇ ಹೇಳಿದರೆ ಬೇರೆ ಕಾರು ನೋಡಿ. ಮೊದಲೇ ಹೇಳಿದ ಹಾಗೆ 5 ಲಕ್ಷಕ್ಕೂ ಜಾಸ್ತಿ ಮಾಡಿದ್ದಾರೆ.

ನನ್ನದು ಎಂಜಿಬಿ ಅಲ್ಲ, ಟ್ರಯಂಫ್. ಇದೇ ದಾರಿ ನಡೆಯುತ್ತಾ?

ಬಹುಪಾಲು ನಡೆಯುತ್ತದೆ. ಟ್ರಯಂಫ್, ಆಸ್ಟಿನ್-ಹೀಲಿ ದಾಖಲೆಗಳೂ ಗೇಡನ್ನಿನಲ್ಲೇ ಇವೆ. ಜಾಗ್ವಾರ್‌ಗೆ ಮಾತ್ರ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಅಂತ ಬೇರೆ ಇದೆ. ಟ್ರಯಂಫ್‌ನವರು ಒಂದು ಉಪಕಾರ ಮಾಡಿದ್ದಾರೆ: ಟಿಆರ್4, ಟಿಆರ್6 ಮುಂತಾದ ಕಾರುಗಳಲ್ಲಿ ಓವರ್‌ಡ್ರೈವ್ ಇದ್ದರೆ ಕಾರಿನ ನಂಬರಿನ ಕೊನೆಯಲ್ಲೇ 'ಓ' ಅಕ್ಷರ ಹೊಡೆದಿರುತ್ತಾರೆ. ಎಡಗಡೆ ಸ್ಟೀರಿಂಗ್ ಆದರೆ 'ಎಲ್‌ಓ'. ಆ 'ಓ' ಮಿಕ್ಕ ಅಕ್ಷರಗಳ ಸಾಲಿನಲ್ಲಿ, ಅದೇ ಗಾತ್ರದಲ್ಲಿ, ಅದೇ ಆಳಕ್ಕೆ ಇದೆಯಾ ಅಂತ ಒಮ್ಮೆ ಭೂತಗನ್ನಡಿ ಹಿಡಿದು ನೋಡಿ.